ಹನ್ನೊಂದು ವರ್ಷ ಹೊಲಿದರೂ ಅಮ್ಮನ ಸಂಬಳ ಯಾಕೆ ಏರಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅಮ್ಮನಿಗೆ 46 ವರ್ಷ. ಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ 11 ವರ್ಷದಿಂದ ಟೈಲರ್. ಶರ್ಟಿಗೆ ಕಾಲರ್ ಕೂರಿಸುತ್ತಾರೆ. ಸಂಬಳ 13,600. ಪಿಎಫ್, ಇಎಸ್‌ಐ ಹೋಗಿ ಕೈಗೆ 12 ಸಾವಿರಕ್ಕೂ ಸ್ವಲ್ಪ ಕಡಿಮೆ ಬರುತ್ತದೆ. ಹೋದ ತಿಂಗಳು ಸೇರಿದ ಹುಡುಗಿಗೂ ಅಮ್ಮನಿಗೂ ಬರೀ 300 ರೂಪಾಯಿ ವ್ಯತ್ಯಾಸ. ಬಟ್ಟೆ ಬಂದಿಲ್ಲ ಅಂತ ಒಂದು ದಿನ ಮನೆಗೆ ಕಳಿಸುತ್ತಾರೆ, ಆಮೇಲೆ ಯಾವುದೋ ಭಾನುವಾರ ಕರೆಸಿ 'ಕಾಂಪ್ ಆಫ್' ಅಂತ ಪುಕ್ಕಟೆ ದುಡಿಸುತ್ತಾರೆ. ಫಾರಿನ್‌ನಿಂದ ಆಡಿಟ್‌ಗೆ ಬಂದರೆ ಏನು ಹೇಳಬೇಕು ಅಂತ ಮೊದಲೇ ಹೇಳಿಕೊಡುತ್ತಾರೆ. ಮೊನ್ನೆ ಮಾಲ್‌ನಲ್ಲಿ ಅಮ್ಮ ಹೊಲಿಯುವ ಬ್ರಾಂಡಿನ ಶರ್ಟ್ ನೋಡಿದೆ, 2,799 ರೂಪಾಯಿ. ಅಣ್ಣ ಹೇಳ್ತಾನೆ, ಎಲ್ಲಾ ಓನರ್ ತಿಂತಾನೆ ಅಂತ. ಬ್ರಾಂಡಿಗೆ ದೂರು ಕೊಡೋಣ ಅಂದರೆ ಅಮ್ಮ 'ಆರ್ಡರ್ ಹೋದರೆ ಫ್ಯಾಕ್ಟರಿನೇ ಮುಚ್ತಾರೆ, ಸುಮ್ನಿರು' ಅಂತಾರೆ. ಈಗ ಎಚ್‌ಆರ್‌ನವರು 'ರಾಜೀನಾಮೆ ಕೊಟ್ಟು ಸೆಟಲ್‌ಮೆಂಟ್ ತಗೊಳ್ಳಿ, ವಾರ ಬಿಟ್ಟು ಹೊಸದಾಗಿ ಸೇರಿ' ಅಂತ ಹಿಂದೆ ಬಿದ್ದಿದ್ದಾರೆ. ನಾನು ಆ ಬ್ರಾಂಡ್ ತಗೊಳ್ಳೋದು ಬಿಡಬೇಕಾ? ದೂರು ಕೊಡಬೇಕಾ? ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಅದರಲ್ಲಿ ಒಂದಕ್ಕೆ ಇವತ್ತೇ ಉತ್ತರ ಬೇಕು, ಅದಕ್ಕೆ ಅಲ್ಲಿಂದಲೇ ಶುರು ಮಾಡುತ್ತೇನೆ. ಅಮ್ಮ ಆ ರಾಜೀನಾಮೆಗೆ ಸಹಿ ಹಾಕುವುದು ಬೇಡ. ಖಾಲಿ ಹಾಳೆಗೂ ಬೇಡ, ಓದಲು ಕೊಡದ ಫಾರಮ್ಮಿಗೂ ಬೇಡ.

ಯಾಕೆ ಅಂದರೆ ಗ್ರಾಚ್ಯುಟಿ, ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಇದರ ಲೆಕ್ಕ. 13,600 ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಆಗಿದ್ದರೆ 11 ವರ್ಷಕ್ಕೆ ಸುಮಾರು 86,300 ರೂಪಾಯಿ. ಇದು ಈಗಾಗಲೇ ಅಮ್ಮನ ಹಕ್ಕು, ಇವತ್ತು ಬಿಟ್ಟರೂ ಬರಬೇಕು. ಆದರೆ ಅವರು ಇನ್ನೂ 5 ವರ್ಷ ಅಲ್ಲೇ ಮುಂದುವರಿದರೆ 16 ವರ್ಷಕ್ಕೂ ಆಗಿನ ಸಂಬಳದ ಮೇಲೆ ಲೆಕ್ಕ ಆಗುತ್ತದೆ. ಈಗ ಬಿಟ್ಟು ಹೊಸದಾಗಿ ಸೇರಿದರೆ ಹಳೆಯ ವರ್ಷಗಳು ಇವತ್ತಿನ ಸಂಬಳಕ್ಕೇ ನಿಂತುಬಿಡುತ್ತವೆ. ಕಾಯಂ ನೌಕರಿಯಲ್ಲಿ ಹೊಸ ಗ್ರಾಚ್ಯುಟಿ ಸಿಗಬೇಕಾದರೆ ಮತ್ತೆ 5 ವರ್ಷ ತುಂಬಬೇಕು. ಮೂರು ವರ್ಷಕ್ಕೆ ಮೊಣಕಾಲು ನೋವು ಅಂತ ಬಿಟ್ಟರೆ ಆ ಮೂರು ವರ್ಷ ಹೋಯಿತು. ನಾನು ಕೆಲವು ವರ್ಷ ಫ್ಯಾಕ್ಟರಿಗಳ ಕಂಪ್ಲಯನ್ಸ್ ವಿಭಾಗದಲ್ಲಿ, ಅಂದರೆ ನಿಯಮ ಪಾಲನೆ ನೋಡುವ ಕೆಲಸದಲ್ಲಿದ್ದು ಆಮೇಲೆ ಕಾರ್ಮಿಕರಿಗೆ ಸಲಹೆ ಕೊಡುವ ಕೆಲಸಕ್ಕೆ ಬಂದವಳು. ಹಳಬರ ಗ್ರಾಚ್ಯುಟಿ ವರ್ಷ ವರ್ಷ ಬೆಳೆಯುವ ಸಾಲ ಅಂತ ಆಡಳಿತ ನೋಡುತ್ತದೆ. ಕೈಗೆ ಒಂದಿಷ್ಟು ದುಡ್ಡು ತೋರಿಸಿ ಆ ಸಾಲವನ್ನು ಅಗ್ಗಕ್ಕೆ ತೀರಿಸಿಕೊಳ್ಳುವ ದಾರಿ ಇದು. ಮಗಳ ಫೀಸು, ಮನೆ ಅಡ್ವಾನ್ಸು, ಚೀಟಿ ಬಾಕಿ ಇರುವ ಹೆಣ್ಣುಮಕ್ಕಳಿಗೆ ಆ ದುಡ್ಡು ದೊಡ್ಡದಾಗಿ ಕಾಣುತ್ತದೆ. ಅವರದು ತಪ್ಪಲ್ಲ.

ಪಿಎಫ್ ಕೂಡ ಹಾಗೇ. ಕೆಲಸ ಬಿಟ್ಟ ನೆಪದಲ್ಲಿ ತೆಗೆದುಕೊಂಡುಬಿಟ್ಟರೆ ವಯಸ್ಸಾದಾಗಿನ ಗಂಟು ಕರಗುತ್ತದೆ. ಅಮ್ಮನಿಗೆ 10 ವರ್ಷ ಸೇವೆ ದಾಟಿರುವುದರಿಂದ 58ಕ್ಕೆ ಪಿಂಚಣಿಯ ಹಕ್ಕು ಬಂದಿದೆ. ಉಮಂಗ್ ಆಪ್‌ನಲ್ಲಿ ಅವರ ಪಿಎಫ್ ಪಾಸ್‌ಬುಕ್ ಇವತ್ತೇ ತೆಗೆದು ನೋಡಿ. ಸಂಬಳದಿಂದ ಮುರಿದದ್ದು ತಿಂಗಳು ತಿಂಗಳು ಖಾತೆಗೆ ಬಿದ್ದಿದೆಯಾ, ಸೇರಿದ ದಿನಾಂಕ ಸರಿಯಿದೆಯಾ ಅಂತ ನೋಡಬೇಕು. ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಮುಂದೆ ಓಡಾಡಿಸುತ್ತಾರೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. 11 ವರ್ಷಕ್ಕೂ ಒಂದು ತಿಂಗಳಿಗೂ 300 ರೂಪಾಯಿ ವ್ಯತ್ಯಾಸ ಯಾಕೆ?

ಕನಿಷ್ಠ ವೇತನ ಅಂದರೆ ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಗೆರೆ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಅದೇ ಮೇಲಿನ ಗೆರೆಯೂ ಆಗಿಬಿಟ್ಟಿದೆ. ಸರ್ಕಾರ ಹೊರಡಿಸುವ ಅಧಿಸೂಚನೆಯಲ್ಲಿ ಕುಶಲ, ಅರೆಕುಶಲ, ಅಕುಶಲ ಅಂತ ದರ್ಜೆಗಳಿವೆ. ಅವುಗಳ ನಡುವಿನ ಅಂತರ ಚಿಕ್ಕದು. ಅನುಭವಕ್ಕೆ ಅಂತ ಬೇರೆ ದರ ಇಲ್ಲ. ಕಾಲರ್ ಕೂರಿಸುವುದು ಶರ್ಟಿನಲ್ಲೇ ಕಷ್ಟದ ಕೆಲಸ, ಅಲ್ವಾ? ಬ್ಯಾಚಿನಲ್ಲಿ, ಅಂದರೆ ಒಂದೇ ಸಾಲಿನ ಟೈಲರ್‌ಗಳ ಗುಂಪಿನಲ್ಲಿ, ಅದು ತಡವಾದರೆ ಹಿಂದಿನವರ ಹತ್ತಿರ ಪೀಸು ಗುಡ್ಡೆ ಬೀಳುತ್ತದೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ. ಇಷ್ಟಾದರೂ ಆ ಕೈಯ ಪಳಗಿಕೆಗೆ ಬೆಲೆ ಕಟ್ಟುವ ಕಲಂ ಅಧಿಸೂಚನೆಯಲ್ಲಿಲ್ಲ, ಹೆಚ್ಚಿನ ಫ್ಯಾಕ್ಟರಿಗಳು ಅದರ ಮೇಲೆ ಕೊಡುವುದೂ ಇಲ್ಲ. ಪ್ರತಿ ಏಪ್ರಿಲ್‌ನಲ್ಲಿ 'ಇಂಕ್ರಿಮೆಂಟ್' ಅಂತ ಸಿಗುತ್ತದಲ್ಲ, ಅದು ತುಟ್ಟಿಭತ್ಯೆ. ಬೆಲೆ ಏರಿದ್ದಕ್ಕೆ ಕಾನೂನು ಕೊಡಿಸುವ ಪರಿಹಾರ. ಹಳಬರಿಗೂ ಹೊಸಬರಿಗೂ ಒಂದೇ. ಹಾಗೆ ನೋಡಿದರೆ ಅಮ್ಮನ ಸಂಬಳ 11 ವರ್ಷದಲ್ಲಿ ಏರಿದಂತೆ ಕಂಡರೂ ಅದು ಬಹುಪಾಲು ಬೆಲೆಯ ಹಿಂದೆ ಓಡಿದ್ದು.

ಆ ತುಟ್ಟಿಭತ್ಯೆಯನ್ನೂ ಕಿತ್ತುಕೊಂಡ ಕಾಲ ಅಮ್ಮನಿಗೆ ನೆನಪಿರಬಹುದು. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ ಜಾಸ್ತಿ ಕೊಡಬೇಕಿತ್ತು. ಕೋವಿಡ್ ಕಾರಣಕ್ಕೆ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಕೊಡಲೇಬೇಕು ಅಂದಿತು. ಅಷ್ಟಾದರೂ ರಾಜ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರಿಗೆ ವರ್ಷಕ್ಕೂ ಮೇಲೆ ಅದು ಸಿಗಲಿಲ್ಲ. ಇಲ್ಲಿನ ಯೂನಿಯನ್‌ಗಳು ಬೆನ್ನು ಹತ್ತಿದವು, ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಅನ್ನುವ ವಿದೇಶಿ ಸಂಸ್ಥೆ ಲೆಕ್ಕ ಹಿಡಿದು ಬ್ರಾಂಡ್‌ಗಳ ಬಾಗಿಲು ತಟ್ಟಿತು, ವಿದೇಶಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಮೇಲೆ 2021ರ ಕೊನೆ, 2022ರ ಶುರುವಿನಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ಕಾನೂನು ಇತ್ತು, ಕೋರ್ಟ್ ಆದೇಶ ಇತ್ತು, ಆದರೂ ದುಡ್ಡು ಕದಲಿದ್ದು ಯೂನಿಯನ್ ಮತ್ತು ಖರೀದಿದಾರರು (ಬ್ರಾಂಡ್‌ಗಳು) ಎರಡೂ ಕಡೆಯಿಂದ ಒತ್ತಿದಾಗ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಕನಿಷ್ಠ ವೇತನವೇ ಯಾಕೆ ಇಷ್ಟು ಕಡಿಮೆ? 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತು. ದುಡಿಯುವವರು, ಸಂಗಾತಿ, ಇಬ್ಬರು ಮಕ್ಕಳು. ಒಬ್ಬ ವಯಸ್ಕರಿಗೆ ದಿನಕ್ಕೆ 2,700 ಕ್ಯಾಲರಿ ಊಟ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಅದರ ಮೇಲೆ ಸೌದೆ, ದೀಪ, ಇತರೆಗೆ ಶೇ. 20. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ಓದು, ಆಸ್ಪತ್ರೆ, ಮದುವೆ, ಮುಪ್ಪಿಗೆ ಅಂತ ಇನ್ನೂ ಶೇ. 25 ಸೇರಿಸಬೇಕು ಅಂದಿತು. ಸೂತ್ರ ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ದುಡಿಯುವ ಗಂಡಸು 1 ಪಾಲು, ಹೆಂಡತಿ 0.8 ಪಾಲು, ಮಕ್ಕಳು ತಲಾ 0.6. ಹೆಂಗಸರೇ ನಡೆಸುವ ಉದ್ಯಮಕ್ಕೆ ಹೆಂಗಸಿನ ಹೊಟ್ಟೆ ಚಿಕ್ಕದು ಅನ್ನುವ ಲೆಕ್ಕ! ಮನೆಯಲ್ಲಿರುವ ಅತ್ತೆ ಮಾವ, ತಂದೆ ತಾಯಿ ಯಾರೂ ಅದರಲ್ಲಿಲ್ಲ. ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಅನ್ನುವ ಒಕ್ಕೂಟ 3,000 ಕ್ಯಾಲರಿ ಹಿಡಿದು, ಗಂಡು ಹೆಣ್ಣು ಇಬ್ಬರಿಗೂ 1 ಪಾಲು ಇಟ್ಟು ಲೆಕ್ಕ ಹಾಕುತ್ತದೆ. ಅದು ನಮ್ಮ ಕನಿಷ್ಠ ವೇತನಕ್ಕಿಂತ ಎಷ್ಟೋ ಮೇಲೆ ಬರುತ್ತದೆ. ಸುಪ್ರೀಂ ಕೋರ್ಟ್ ಸೂತ್ರವನ್ನೇ ಪೂರ್ತಿ ಪಾಲಿಸಿ ಅನ್ನುವುದು ಇಲ್ಲಿನ ಯೂನಿಯನ್‌ಗಳ ಹಳೆಯ ಬೇಡಿಕೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕರಡಿನಲ್ಲಿ ಆ ಸೂತ್ರ ಹಿಡಿದು ದೊಡ್ಡ ಏರಿಕೆ ಸೂಚಿಸಿತ್ತು, ಉದ್ಯಮಿಗಳು ಕೂಡಲೇ ವಿರೋಧಿಸಿದರು.

ಈಗ ನಿಮ್ಮ ಅಣ್ಣನ ಮಾತು. ಓನರ್ ತಿನ್ನುತ್ತಾನೆ ಅನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಭಾನುವಾರದ ದುಡಿಮೆಯನ್ನು, ಗ್ರಾಚ್ಯುಟಿಯನ್ನು ನುಂಗುವುದು ಆಡಳಿತವೇ. ಆದರೆ 2,799ರ ಶರ್ಟಿನ ದೊಡ್ಡ ಪಾಲು ಅವರ ಹತ್ತಿರ ಇಲ್ಲ.

ಲೆಕ್ಕ ಹಾಕಿ ನೋಡೋಣ. ಖರೀದಿದಾರರು ಬೆಲೆ ಮಾತಾಡುವುದು ನಿಮಿಷದ ಮೇಲೆ. ಒಂದು ಪೀಸು ಹೊಲಿಯಲು ಎಷ್ಟು ನಿಮಿಷ ಬೇಕು ಅನ್ನುವುದನ್ನು ಸ್ಯಾಮ್ ಅನ್ನುತ್ತಾರೆ, ಅಮ್ಮನ ಟಾರ್ಗೆಟ್ ಹುಟ್ಟುವುದೂ ಅಲ್ಲಿಂದಲೇ. ಸಾಧಾರಣ ಫುಲ್ ಕೈ ಶರ್ಟಿಗೆ 20 ನಿಮಿಷದ ಆಸುಪಾಸು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. 13,600ನ್ನು ಅದರಿಂದ ಭಾಗಿಸಿದರೆ ಗಂಟೆಗೆ 65 ರೂಪಾಯಿ ಚಿಲ್ಲರೆ, ನಿಮಿಷಕ್ಕೆ 1 ರೂಪಾಯಿ 9 ಪೈಸೆ. ಅಂದರೆ ಇಡೀ ಬ್ಯಾಚಿನ ಟೈಲರ್‌ಗಳೆಲ್ಲ ಸೇರಿ ಒಂದು ಶರ್ಟ್ ಹೊಲಿದ ಕೂಲಿ 22 ರೂಪಾಯಿ. ಲೈನ್ ಅರ್ಧ ವೇಗದಲ್ಲಿ ಓಡಿತು ಅಂತಲೇ ಇಟ್ಟುಕೊಳ್ಳಿ, 44 ರೂಪಾಯಿ. ಕಟಿಂಗ್, ಚೆಕಿಂಗ್, ಐರನ್, ಪ್ಯಾಕಿಂಗ್, ಹೆಲ್ಪರ್‌ಗಳ ಕೂಲಿ ಸೇರಿಸಿ ಅದನ್ನೂ ಇಮ್ಮಡಿ ಮಾಡಿದರೂ 100 ದಾಟುವುದಿಲ್ಲ. ಎಲ್ಲರ ಸಂಬಳವನ್ನು ಒಂದೂವರೆ ಪಟ್ಟು ಮಾಡಿದರೂ ಆ ಶರ್ಟಿನ ಖರ್ಚು 45 ರೂಪಾಯಿಯೂ ಏರುವುದಿಲ್ಲ. ಯುರೋಪಿನ ಫೇರ್ ವೇರ್ ಫೌಂಡೇಶನ್ ಮಾಡಿದ ಒಂದು ಹೆಸರಾದ ಲೆಕ್ಕ ಇದೆ. ಅದರಲ್ಲಿ 29 ಯೂರೋ ಟೀ ಶರ್ಟಿನಲ್ಲಿ ಹೊಲಿದವರ ಕೂಲಿ 0.18 ಯೂರೋ, ಅಂದರೆ ಶೇ. 1 ಕೂಡ ಅಲ್ಲ. ಉಳಿದದ್ದು ಬಟ್ಟೆ, ಸಾಗಣೆ, ತೆರಿಗೆ, ಜಾಹೀರಾತು, ಅಂಗಡಿ ಬಾಡಿಗೆ, ಬ್ರಾಂಡಿನ ಮತ್ತು ಅಂಗಡಿಯ ಲಾಭಕ್ಕೆ ಹೋಗುತ್ತದೆ.

ಫ್ಯಾಕ್ಟರಿಯವರು ಬೆಲೆ ಏರಿಸಿ ಅಂದರೆ ಖರೀದಿದಾರರು ಬಾಂಗ್ಲಾದೇಶದ ಢಾಕಾದಲ್ಲಿ ಅಗ್ಗಕ್ಕೆ ಹೊಲಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಬಟ್ಟೆ, ದಾರ, ಗುಂಡಿಗೆ ಮೊದಲು ದುಡ್ಡು ಹಾಕುವುದು ಫ್ಯಾಕ್ಟರಿ, ಸರಕು ಹಡಗು ಹತ್ತಿದ ಮೇಲೂ ಎರಡು ಮೂರು ತಿಂಗಳು ಕಾಯಬೇಕು. 2020ರ ಮಾರ್ಚ್‌ನಲ್ಲಿ ಎಷ್ಟೋ ಬ್ರಾಂಡ್‌ಗಳು ಹೊಲಿದಿಟ್ಟ ಬಟ್ಟೆಯ ಆರ್ಡರನ್ನೇ ರದ್ದು ಮಾಡಿದ್ದವು. ಹೀಗಾಗಿ ಓನರ್‌ಗೆ ಕೈ ಹಾಕಲು ಸುಲಭವಾಗಿ ಸಿಗುವುದು ಕೂಲಿಯ ಗಂಟೆಗಳೇ. ಕಾಂಪ್ ಆಫ್ ಹುಟ್ಟಿದ್ದು ಹೀಗೆ. ಇದು ಕಾರಣ ಅಷ್ಟೇ, ಸಮರ್ಥನೆ ಅಂತ ಓದಬೇಡಿ.

ಕಾಂಪ್ ಆಫ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ರಜೆಯ ದಿನ ಬದಲಾಯಿಸುವುದೇ ಅಪರಾಧ ಅಂತ ಹಲವರು ತಿಳಿದಿದ್ದಾರೆ, ಹಾಗಲ್ಲ. 1948ರ ಫ್ಯಾಕ್ಟರಿ ಕಾಯ್ದೆ ಭಾನುವಾರದ ಬದಲು ಅದರ ಹಿಂದಿನ ಅಥವಾ ಮುಂದಿನ 3 ದಿನದೊಳಗೆ ರಜೆ ಕೊಡಲು ಬಿಡುತ್ತಿತ್ತು, ಅದೂ ಮೊದಲೇ ನೋಟಿಸ್ ಹಾಕಿ. ಯಾವುದೋ ಮಂಗಳವಾರ ಮನೆಗೆ ಕಳಿಸಿ ತಿಂಗಳಾದ ಮೇಲಿನ ಭಾನುವಾರ ಕರೆಸುವುದು ಅದಲ್ಲ. ವಾರಕ್ಕೆ 48 ಗಂಟೆ ದಾಟಿದ ಕೆಲಸ ಓಟಿ (ಓವರ್‌ಟೈಮ್), ಅದಕ್ಕೆ ದುಪ್ಪಟ್ಟು ದರ. ಹಳೆಯ ಕಾನೂನಿನಲ್ಲೂ ಹಾಗೇ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಹಾಗೇ. ಅಮ್ಮನ ಸಂಬಳಕ್ಕೆ ಒಂದು ಗಂಟೆ ಓಟಿ ಅಂದರೆ ಸುಮಾರು 130 ರೂಪಾಯಿ, ಒಂದು ಪೂರ್ತಿ ಭಾನುವಾರ ಅಂದರೆ 1,046. ಬಟ್ಟೆ ಬಂದಿಲ್ಲ, ಕರೆಂಟ್ ಇಲ್ಲ ಅನ್ನುವುದು ಆಡಳಿತದ ತೊಂದರೆ. ವರ್ಷ ತುಂಬಿದ ಕಾಯಂ ಕೆಲಸಗಾರರನ್ನು ಹಾಗೆ ಮನೆಗೆ ಕಳಿಸಿದರೆ ಲೇಆಫ್ ಅಂತ ಅರ್ಧ ಸಂಬಳವಾದರೂ ಕೊಡಬೇಕು.

ಆಡಿಟ್, ಅಂದರೆ ಫ್ಯಾಕ್ಟರಿ ತಪಾಸಣೆಯ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಮೊದಲೇ ತಿಳಿಸಿ ಬರುವ ಆಡಿಟ್, ಒಂದೆರಡು ದಿನ, ಫ್ಯಾಕ್ಟರಿ ಒಳಗೇ ಮಾತುಕತೆ, ಎಷ್ಟೋ ಸಲ ಅದರ ಖರ್ಚೂ ಫ್ಯಾಕ್ಟರಿಯದೇ. ಬಾಗಿಲು, ಬೆಂಕಿ ಆರಿಸುವ ಸಿಲಿಂಡರ್, ಕುಡಿಯುವ ನೀರು ಇಂಥದ್ದು ಸಿಕ್ಕೀತು. ಸೂಪರ್‌ವೈಸರ್ ಬೈಗುಳ, ದಾಖಲೆಯಲ್ಲಿಲ್ಲದ ಭಾನುವಾರ ಸಿಗುವುದಿಲ್ಲ. ಕೆಲವು ಸಲ ಜೀವ ಉಳಿಸುವ ಸಂಗತಿಯೂ ಸಿಗುವುದಿಲ್ಲ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ಸ್‌ಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ, ಕೆಲಸದ ಪರಿಸ್ಥಿತಿ ಸರಿಯಿದೆ ಅನ್ನುವ ಎಸ್‌ಎ 8000 ಪ್ರಮಾಣಪತ್ರ ಸಿಕ್ಕಿತ್ತು. ಮುಂದಿನ ವರ್ಷ ಏಪ್ರಿಲ್ 24ಕ್ಕೆ ಢಾಕಾ ಹತ್ತಿರ ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಹೋದರು. ಆಮೇಲೆ ಬಂದ ಬಾಂಗ್ಲಾದೇಶ ಅಕಾರ್ಡ್ ಬೇರೆ ಥರದ್ದು. ಯೂನಿಯನ್ ಜೊತೆ ಬ್ರಾಂಡ್‌ಗಳೇ ಸಹಿ ಹಾಕಿದ, ಮುರಿದರೆ ಕಾನೂನು ಕ್ರಮ ಜರುಗಿಸಬಹುದಾದ ಒಪ್ಪಂದ. ಅದರಿಂದ ಕಟ್ಟಡಗಳು ನಿಜವಾಗಿ ಸುಧಾರಿಸಿದವು. ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲೂ 2022ರಲ್ಲಿ, ಒಬ್ಬ ಯುವತಿಯ ಕೊಲೆಯ ನಂತರ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಇಂಥದೇ ಒಪ್ಪಂದವಾಯಿತು.

ಜಾಸ್ತಿ ಬೆಲೆಯ ಬ್ರಾಂಡ್ ಜಾಸ್ತಿ ಕೂಲಿ ಕೊಡುತ್ತದೆ ಅನ್ನುವುದನ್ನೂ ನಂಬಬೇಡಿ. ಒಂದೇ ಫ್ಲೋರಿನಲ್ಲಿ ಪಕ್ಕಪಕ್ಕದ ಬ್ಯಾಚಿನಲ್ಲಿ ದುಬಾರಿ ಬ್ರಾಂಡೂ ಅಗ್ಗದ ಬ್ರಾಂಡೂ ಓಡುತ್ತವೆ, ಸಂಬಳ ಒಂದೇ. ಹತ್ತಿ ಸಾವಯವ ಅಂತ ಲೇಬಲ್ ಇದ್ದರೆ ಹೊಲಿದವರ ಬದುಕಿಗೆ ಸಾಕಾಗುವ ಕೂಲಿ ಸಿಕ್ಕಿದೆ ಅಂತ ಅರ್ಥ ಅಲ್ಲ. ಅದಕ್ಕೇ ನೀವೊಬ್ಬರು ಆ ಬ್ರಾಂಡ್ ಬಿಟ್ಟು ಇನ್ನೊಂದಕ್ಕೆ ಹೋಗುವುದರಿಂದ ಅಮ್ಮನಿಗೆ ಏನೂ ಬದಲಾಗದು. ಕಾರ್ಮಿಕರೇ ಬಹಿಷ್ಕಾರ ಕೇಳಿದರೆ ಅದು ಬೇರೆ ಮಾತು. ಅವರು ಕೇಳದೆ ನಾವು ಮಾಡಿದರೆ ಮೊದಲು ಕಡಿಮೆಯಾಗುವುದು ಅವರ ಆರ್ಡರ್.

ಅಮ್ಮನ ಭಯ ಸುಳ್ಳಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕವೊಂದು ಆರ್ಡರ್ ಇಲ್ಲ ಅಂತ ಮುಚ್ಚಿದಾಗ 1,200ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅಲ್ಲಿ ಯೂನಿಯನ್ ಗಟ್ಟಿಯಿತ್ತು. ಹೆಂಗಸರು ವಾರಗಟ್ಟಲೆ ಫ್ಯಾಕ್ಟರಿ ಆವರಣದಲ್ಲೇ ಕೂತರು, ಮುಂದೆ 2021ರಲ್ಲಿ ಯೂನಿಯನ್ ಜೊತೆ ಒಪ್ಪಂದವಾಗಿ ಮರುನೇಮಕಕ್ಕೆ ಕಂಪನಿ ಒಪ್ಪಿತು. ಆದರೆ ಅಷ್ಟರೊಳಗೆ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದಿದ್ದವು. ಬೆಂಗಳೂರಿನಿಂದ ಮಂಡ್ಯ, ರಾಮನಗರ, ಹಾಸನದ ಕಡೆ ಫ್ಯಾಕ್ಟರಿ ಹೋಗುವುದಕ್ಕೆ ಅಲ್ಲಿನ ಕಡಿಮೆ ವೇತನವೂ ಒಂದು ಕಾರಣ. 2025ರ ಆಗಸ್ಟ್‌ನಲ್ಲಿ ಅಮೆರಿಕ ಶೇ. 50 ಸುಂಕ ಹಾಕಿದಾಗಲೂ ಇದೇ ಹೆದರಿಕೆ ಎಲ್ಲರಿಗೂ ಇತ್ತು. ಸಂಬಳ ಏರಿದರೆ ಎಲ್ಲಾ ಬಾಂಗ್ಲಾದೇಶಕ್ಕೆ ಓಡುತ್ತದೆ ಅನ್ನುವುದು ಮಾತ್ರ ಅರ್ಧ ಸತ್ಯ. ಅವರ ದೊಡ್ಡ ಬಲ ಯುರೋಪಿಗೆ ಸುಂಕವಿಲ್ಲದೆ ಕಳಿಸುವ ಅನುಕೂಲ ಮತ್ತು ಉದ್ಯಮದ ಗಾತ್ರ. ಅಲ್ಲೂ 2023ರ ಡಿಸೆಂಬರ್‌ನಿಂದ ಕನಿಷ್ಠ ವೇತನ 8,000 ಟಾಕಾದಿಂದ 12,500ಕ್ಕೆ ಏರಿದೆ, ಅದೂ ಬೀದಿಗಿಳಿದ ಮೇಲೆ.

ಹಾಗಾದರೆ ಏನು ಮಾಡಬಹುದು?

ಮೊದಲು ದಾಖಲೆ. ಸಂಬಳ ಚೀಟಿಗಳ ಫೋಟೋ, ನೇಮಕಾತಿ ಪತ್ರ, ಐಡಿ ಕಾರ್ಡ್ ನಿಮ್ಮ ಫೋನಿನಲ್ಲಿರಲಿ. ಒಂದು ನೋಟ್‌ಬುಕ್ ಇಟ್ಟು ಯಾವ ದಿನ ಮನೆಗೆ ಕಳಿಸಿದರು, ಯಾವ ಭಾನುವಾರ ಕರೆದರು, ಎಷ್ಟು ಗಂಟೆಗೆ ಒಳಗೆ ಎಷ್ಟಕ್ಕೆ ಹೊರಗೆ ಅಂತ ಅಮ್ಮ ಹೇಳಿದ ಹಾಗೆ ಅಂದಂದೇ ಬರೆಯಿರಿ. ಈ ವರ್ಷದ ಅಧಿಸೂಚನೆಯಲ್ಲಿ ಅವರ ದರ್ಜೆ ಮತ್ತು ವಲಯದ ದರ ಎಷ್ಟು ಅಂತ ಚೀಟಿಯ ಜೊತೆ ಹೋಲಿಸಿ. ಟೈಲರ್ ಆಗಿ ದುಡಿಯುವವರನ್ನು ಚೀಟಿಯಲ್ಲಿ ಕೆಳಗಿನ ದರ್ಜೆಗೆ ಇಟ್ಟಿರುವುದನ್ನು ನಾನು ಬಹಳ ನೋಡಿದ್ದೇನೆ. ಇದರಲ್ಲಿ ಯಾವ ಅಪಾಯವೂ ಇಲ್ಲ.

ಎರಡನೆಯದು ಯೂನಿಯನ್. ಬೆಂಗಳೂರಿನಲ್ಲಿ ಗಾಟ್ವು, ಗಾರ್ಮೆಂಟ್ ಲೇಬರ್ ಯೂನಿಯನ್ ಅಂತ ಗಾರ್ಮೆಂಟ್ಸ್‌ನವರದೇ ಸಂಘಗಳಿವೆ. ಯೂನಿಯನ್ ಅಂದರೆ ಗಲಾಟೆ ಅಂತ ಅಮ್ಮ ಹೆದರಬಹುದು, ಅದೂ ಸುಮ್ನೆ ಹುಟ್ಟಿದ ಹೆದರಿಕೆಯಲ್ಲ. ಸದಸ್ಯರಾದವರನ್ನು ಕಷ್ಟದ ಮಷಿನ್‌ಗೆ ಹಾಕುವುದು, ದೂರದ ಯುನಿಟ್‌ಗೆ ಎತ್ತಿ ಹಾಕುವುದು ನಡೆಯುತ್ತದೆ. ಅದಕ್ಕೇ ಒಬ್ಬರೇ ಹೋಗಬಾರದು. ರಾಜೀನಾಮೆ ಕೇಳಿರುವುದು ಅಮ್ಮನೊಬ್ಬರನ್ನೇ ಅಲ್ಲ, ಹಳಬರನ್ನೆಲ್ಲ ಕೇಳಿರುತ್ತಾರೆ. ಅವರಲ್ಲಿ ನಾಲ್ಕೈದು ಜನ ಒಟ್ಟಿಗೆ ಹೋಗಲಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವುದಕ್ಕೆ ತಡೆ ಹಾಕಿದ ನಿಯಮದ ವಿರುದ್ಧ ಹೊಸೂರು ರಸ್ತೆಗೆ ಇಳಿದ ಹೆಂಗಸರಿಗೆ ದೊಡ್ಡ ನಾಯಕರು ಯಾರೂ ಇರಲಿಲ್ಲ. ಕೇಂದ್ರ ಸರ್ಕಾರ ಮಾರನೇ ದಿನವೇ ಆ ನಿಯಮ ಹಿಂತೆಗೆದುಕೊಂಡಿತು. ಅಮ್ಮ ಬೊಮ್ಮನಹಳ್ಳಿಯವರು, ಅವರಿಗೇ ಗೊತ್ತಿರುತ್ತದೆ.

ಮೂರನೆಯದು ಕಾರ್ಮಿಕ ಇಲಾಖೆಗೆ ಅರ್ಜಿ. ಕಡಿಮೆ ಕೊಟ್ಟ ಸಂಬಳ ಕೇಳಲು ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳ ಗಡುವಿತ್ತು, ಹೊಸ ವೇತನ ಸಂಹಿತೆಯಲ್ಲಿ ಮೂರು ವರ್ಷ. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅಧಿಕಾರಿಗೆ ಅವಕಾಶವಿದೆ. ಆದರೆ ಓಡಾಟ ಬಹಳ, ಅರ್ಧ ದಿನ ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ ಹೋಗುತ್ತದೆ. ಯೂನಿಯನ್ ಮೂಲಕ ಗುಂಪಾಗಿ ಹಾಕಿದರೆ ಇದೇ ಅರ್ಜಿಗೆ ತೂಕ ಜಾಸ್ತಿ.

ಬ್ರಾಂಡಿಗೆ ಬರೆಯುವುದು ಕೊನೆಯ ಹೆಜ್ಜೆಯಾಗಲಿ, ಮೊದಲನೆಯದು ಬೇಡ. ಬ್ರಾಂಡ್‌ಗಳ ಕಂಪ್ಲಯನ್ಸ್‌ನವರು ದೂರನ್ನು ಹಾಗೇ ಫ್ಯಾಕ್ಟರಿಗೆ ಕಳಿಸಿಬಿಡುವುದುಂಟು. ಹೆಸರು ತೆಗೆದಿದ್ದರೂ 'ಕಾಲರ್ ಟೈಲರ್, 11 ವರ್ಷ, ಮಗಳು ಓದಿದ್ದಾಳೆ' ಅಂದರೆ ಎಚ್‌ಆರ್‌ಗೆ ಯಾರು ಅಂತ ಹೊಳೆಯಲು ಐದು ನಿಮಿಷ ಸಾಕು. ಹಾಗಾಗಿ ಅಮ್ಮನ ಕಥೆ ಬರೆಯಬೇಡಿ. ಇಂಥ ಯುನಿಟ್, ಇಂಥ ಇಂಥ ಭಾನುವಾರ ಇಡೀ ಫ್ಲೋರ್ ದುಡಿದಿದೆ, ಸಂಬಳ ಚೀಟಿಯಲ್ಲಿ ಓಟಿ ಇಲ್ಲ, ಹಳಬರಿಂದ ರಾಜೀನಾಮೆ ಬರೆಸಿಕೊಳ್ಳುತ್ತಿದ್ದಾರೆ ಅಂತ ಯೂನಿಯನ್ ಹೆಸರಿನಲ್ಲಿ ಹೋಗಲಿ. ಆ ಫ್ಯಾಕ್ಟರಿ ಯಾವ ಬ್ರಾಂಡ್‌ಗಳಿಗೆ ಹೊಲಿಯುತ್ತದೆ ಅಂತ ಓಪನ್ ಸಪ್ಲೈ ಹಬ್ ಅನ್ನುವ ತಾಣದಲ್ಲಿ ಹುಡುಕಬಹುದು, ಹಲವು ಬ್ರಾಂಡ್‌ಗಳು ಫ್ಯಾಕ್ಟರಿ ಪಟ್ಟಿ ಪ್ರಕಟಿಸುತ್ತವೆ. ಅದರಲ್ಲಿ ದೊಡ್ಡ ಜರ್ಮನ್ ಕಂಪನಿ ಇದ್ದರೆ ಯೂನಿಯನ್‌ನವರಿಗೆ ತಿಳಿಸಿ. 2023ರಿಂದ ಅಲ್ಲಿ ಜಾರಿಯಲ್ಲಿರುವ ಸಪ್ಲೈ ಚೈನ್ ಕಾನೂನಿನಂತೆ ಇಂಥ ದೂರು ತೆಗೆದುಕೊಳ್ಳುವ ವ್ಯವಸ್ಥೆ ಆ ಕಂಪನಿಗಳು ಇಡಲೇಬೇಕು. ಪತ್ರದಲ್ಲಿ ಎರಡು ಮಾತು ತಪ್ಪದೆ ಇರಲಿ: ಆರ್ಡರ್ ಕಡಿಮೆ ಮಾಡಬೇಡಿ, ಬಾಕಿ ಕೊಡಿಸಿ ಸರಿಪಡಿಸಿ ಅಂತ ಒಂದು. ಭಾನುವಾರ ಕರೆಯದೆ ಆರ್ಡರ್ ಮುಗಿಯುವಷ್ಟು ಬೆಲೆ ಮತ್ತು ಗಡುವು ನೀವು ಕೊಟ್ಟಿದ್ದೀರಾ ಅಂತ ಬ್ರಾಂಡಿಗೇ ಕೇಳುವುದು ಇನ್ನೊಂದು.

ಎಚ್‌ಆರ್‌ನವರು ಮತ್ತೆ ಕರೆದರೆ ಅಮ್ಮ 'ನಾನು ಕೆಲಸ ಬಿಡ್ತಿಲ್ಲ' ಅಂತಷ್ಟೇ ಹೇಳಲಿ. ಕೋಪದ ಮಾತು ಬೇಡ. ಮನೆಗೆ ಬಂದ ಮೇಲೆ ಯಾರು ಕರೆದರು, ಏನಂದರು, ಯಾರೆದುರಿಗೆ ಅಂತ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈಗಾಗಲೇ ಏನಾದರೂ ಸಹಿ ಹಾಕಿದ್ದರೆ ಬೈಯಬೇಡಿ. ಬಲವಂತವಾಗಿ ಬರೆಸಿಕೊಂಡಿದ್ದಾರೆ, ನಾನು ಕೆಲಸದಲ್ಲಿ ಮುಂದುವರಿಯುತ್ತೇನೆ ಅಂತ ಆ ವಾರದೊಳಗೇ ಸ್ಪೀಡ್ ಪೋಸ್ಟ್‌ನಲ್ಲಿ ಆಡಳಿತಕ್ಕೆ ಪತ್ರ ಹೋಗಬೇಕು. ಒಂದು ಪ್ರತಿ ಕಾರ್ಮಿಕ ಅಧಿಕಾರಿಗೂ ಕಳಿಸಿ, ಪೋಸ್ಟಿನ ರಸೀದಿ ಜೋಪಾನವಾಗಿಡಿ.